ಬೆಂಗಳೂರಿನ ಕೈತಪ್ಪಿದ ಬಾರ್ನ್

ಜೂನ್ ತಿಂಗಳ ಒಂದು ಸಂಜೆ ಜಗಳೂರಿನ ಬಸ್ ನಿಲ್ದಾಣದ ಹತ್ತಿರ ಚಹಾದಂಗಡಿಯ ಬೆಂಚಿನ ಮೇಲೆ ಕುಳಿತರೆ ಕಿವಿಗೆ ಬೀಳುವ ಮಾತು ಬಹುತೇಕ ಒಂದೇ.

“ಈ ಸಲ ಆರಿದ್ರ ಮಳೆ ಹಿಡಿತೈತೇನಣ್ಣ?”

“ಹಿಡಿಬಹುದಪ್ಪ. ಹಿಂಗೇ ಅಂತ ಹೇಳಕ್ಕಾಗಲ್ಲ.”

ಬರಕ್ಕೆ ಹೆಸರಾದ ಈ ಸೀಮೆಯ ರೈತ ಶೇಂಗಾ, ಮೆಕ್ಕೆಜೋಳದ ಬೀಜವನ್ನು ಮಣ್ಣಿಗೆ ಹಾಕುವುದು ಈ ‘ಬಹುದು’ ಎಂಬ ಒಂದೇ ಮಾತನ್ನು ನಂಬಿ. ಅವನಿಗೆ ಅದು ಅಜ್ಞಾನದ ಮಾತಲ್ಲ, ಅನುಭವದ ಮಾತು. ಆದರೆ ವಿಜ್ಞಾನಕ್ಕೆ ಈ ಮಾತು ಬಹುಕಾಲ ಹಿಡಿಸಿರಲಿಲ್ಲ. ನ್ಯೂಟನ್ನನ ಕಾಲದಿಂದಲೂ ಭೌತವಿಜ್ಞಾನದ ಭಾಷೆಯೆಂದರೆ ‘ಆಗುತ್ತದೆ’ ಅಥವಾ ‘ಆಗುವುದಿಲ್ಲ’. ಮುಂದಿನ ಗ್ರಹಣ ಯಾವ ದಿನ, ಎಷ್ಟು ಗಂಟೆ ಎಷ್ಟು ನಿಮಿಷಕ್ಕೆ ಎಂದು ಲೆಕ್ಕ ಹಾಕಿ ಹೇಳುವ ಶಾಸ್ತ್ರ ಅದು. ‘ಆಗಬಹುದು’ ಎನ್ನುವುದು ಲೆಕ್ಕ ಬಾರದವನ ಮಾತೆಂದೇ ವಿಜ್ಞಾನಿಗಳು ತಿಳಿದಿದ್ದರು.

1926ರಲ್ಲಿ ಈ ನಂಬಿಕೆ ಬುಡಮೇಲಾಯಿತು. ಪರಮಾಣುವಿನ ಲೋಕದಲ್ಲಿ ನಿಸರ್ಗವೇ ಆಡುವ ಮಾತು ‘ಬಹುದು’ ಎಂದೂ, ಆ ‘ಬಹುದು’ ಎಷ್ಟು ಎಂಬುದನ್ನು ಕರಾರುವಾಕ್ಕಾಗಿ ಲೆಕ್ಕ ಹಾಕಬಹುದೆಂದೂ ತೋರಿಸಿದವರು ಜರ್ಮನಿಯ ಗಣಿತಜ್ಞ, ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್. ಪಿಯುಸಿಯಲ್ಲಿ ರಸಾಯನವಿಜ್ಞಾನ ಓದಿದವರಿಗೆ ‘ಬಾರ್ನ್–ಹೇಬರ್ ಚಕ್ರ’ದ ಮೂಲಕ ಅವರ ಹೆಸರಿನ ಪರಿಚಯವಿದ್ದೇ ಇರುತ್ತದೆ. ಆದರೆ ಆ ಬಾರ್ನ್ ಆರು ತಿಂಗಳ ಕಾಲ ಬೆಂಗಳೂರಿನಲ್ಲಿದ್ದರು, ಇಲ್ಲಿಯೇ ನೆಲೆಸುವ ಸಂಭವವೂ ಇತ್ತು, ಒಂದು ಸಭೆಯಲ್ಲಿ ಕೇಳಿದ ಕಟುಮಾತಿನಿಂದ ನೊಂದು ಮನೆಗೆ ಹೋಗಿ ಅತ್ತರು ಎಂಬುದು ಅನೇಕರಿಗೆ ತಿಳಿಯದು. ಬಾರ್ನರ ಜೀವನದ ಕತೆ ಕನ್ನಡಿಗರಿಗೆ ಹತ್ತಿರವಾಗುವುದು ಇಲ್ಲಿಯೇ.

ಹಿಲ್ಬರ್ಟರ ಶಿಷ್ಯ

ಮ್ಯಾಕ್ಸ್ ಬಾರ್ನ್ ಹುಟ್ಟಿದ್ದು 1882ರ ಡಿಸೆಂಬರ್ 11ರಂದು, ಬ್ರೆಸ್ಲಾವ್ ನಗರದಲ್ಲಿ. ಆಗ ಜರ್ಮನಿಯಲ್ಲಿದ್ದ ಆ ಊರು ಈಗ ಪೋಲೆಂಡ್ ದೇಶಕ್ಕೆ ಸೇರಿದೆ. ತಂದೆ ಗುಸ್ಟಾವ್ ಬಾರ್ನ್ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಅಂಗರಚನಾಶಾಸ್ತ್ರದ ಪ್ರಾಧ್ಯಾಪಕರು. ಮಗುವಿಗೆ ನಾಲ್ಕು ವರ್ಷ ತುಂಬುವ ಮೊದಲೇ ತಾಯಿ ತೀರಿಕೊಂಡರು. ಯೆಹೂದಿ ಮೂಲದ, ಓದು ಮತ್ತು ಸಂಗೀತಗಳಲ್ಲಿ ಆಸಕ್ತಿಯಿದ್ದ ಮನೆತನ ಅದು. ಬಾರ್ನ್ ಜೀವನವಿಡೀ ಪಿಯಾನೊ ನುಡಿಸುತ್ತಿದ್ದರು. ಮುಂದೆ ಬರ್ಲಿನ್‌ನಲ್ಲಿದ್ದಾಗ ಅವರ ಪಿಯಾನೊಗೆ ಜೊತೆಯಾಗಿ ಪಿಟೀಲು ಹಿಡಿದು ಕೂರುತ್ತಿದ್ದವರು ಬೇರೆ ಯಾರೂ ಅಲ್ಲ, ಆಲ್ಬರ್ಟ್ ಐನ್‌ಸ್ಟೈನ್!

ಅಂದಿನ ಜರ್ಮನಿಯ ವಿದ್ಯಾರ್ಥಿಗಳ ಪದ್ಧತಿಯಂತೆ ಬಾರ್ನ್ ಬ್ರೆಸ್ಲಾವ್, ಹೈಡೆಲ್‌ಬರ್ಗ್, ಜ್ಯೂರಿಕ್‌ಗಳಲ್ಲಿ ಓದಿ ಕೊನೆಗೆ ಗಟಿಂಗೆನ್ ವಿಶ್ವವಿದ್ಯಾಲಯಕ್ಕೆ ಬಂದರು. ಗಣಿತದ ಪಾಲಿಗೆ ಅದು ಕಾಶಿಯಂಥ ಊರು. ಡೇವಿಡ್ ಹಿಲ್ಬರ್ಟ್, ಫೆಲಿಕ್ಸ್ ಕ್ಲೈನ್, ಹರ್ಮನ್ ಮಿಂಕೊವ್‌ಸ್ಕಿ ಎಂಬ ಮೂವರು ದಿಗ್ಗಜರು ಒಂದೇ ಕಡೆ ಪಾಠ ಹೇಳುತ್ತಿದ್ದರು. ಹಿಲ್ಬರ್ಟರ ಉಪನ್ಯಾಸಗಳನ್ನು ಅಚ್ಚುಕಟ್ಟಾಗಿ ಬರೆದುಕೊಂಡು ವಾಚನಾಲಯದಲ್ಲಿ ಇತರರಿಗೆ ಓದಲು ಇಡುವ ಕೆಲಸ ಬಾರ್ನರಿಗೆ ಬಂತು. ಸಂಬಳವಿಲ್ಲದ ಕೆಲಸವೇನೋ ಹೌದು. ಆದರೆ ಜಗತ್ತಿನ ಅತಿ ದೊಡ್ಡ ಗಣಿತಜ್ಞನೊಬ್ಬ ಹೇಗೆ ಯೋಚಿಸುತ್ತಾನೆ ಎಂಬುದನ್ನು ಪಕ್ಕದಲ್ಲಿ ಕುಳಿತು ನೋಡುವ ಅವಕಾಶಕ್ಕೆ ಬೆಲೆ ಕಟ್ಟುವವರಾರು?

1906ರಲ್ಲಿ ಅವರು ಡಾಕ್ಟರೇಟ್‌ಗಾಗಿ ಬರೆದ ಪ್ರಬಂಧದ ವಿಷಯ, ಬಾಗಿದ ಉಕ್ಕಿನ ಪಟ್ಟಿ ಯಾವ ಹಂತದವರೆಗೆ ಸ್ಥಿರವಾಗಿ ನಿಂತೀತು ಎಂಬುದು. ಬಾರ್ನ್ ಸಮೀಕರಣ ಬರೆದು ಸುಮ್ಮನಾಗಲಿಲ್ಲ. ತಾವೇ ಉಪಕರಣ ಹೂಡಿ, ಪಟ್ಟಿಯನ್ನು ಬಾಗಿಸಿ, ಲೆಕ್ಕ ಸರಿಯೇ ಎಂದು ಅಳೆದು ನೋಡಿದರು. ಕಾಗದದ ಮೇಲಿನ ಲೆಕ್ಕವೂ ಮೇಜಿನ ಮೇಲಿನ ಅಳತೆಯೂ ತಾಳೆಯಾದಾಗ ಆಗುವ ಸಂತೋಷದ ರುಚಿ ಅವರಿಗೆ ಹತ್ತಿದ್ದು ಆಗ.

ಮುಂದೆ ಅವರ ಗಮನ ಸ್ಫಟಿಕಗಳತ್ತ ಹರಿಯಿತು. ಅಡುಗೆ ಉಪ್ಪಿನ ಒಂದು ಹರಳಿನಲ್ಲಿ ಕಣಗಳು ಕ್ರಮವಾಗಿ ಸಾಲು ಸಾಲಾಗಿ ನಿಂತಿರುತ್ತವೆ. ಬೆಳಗಿನ ಪ್ರಾರ್ಥನೆಗೆ ಶಾಲೆಯ ಮಕ್ಕಳು ಕೈ ಕೈ ಹಿಡಿದು ಸಾಲಾಗಿ ನಿಂತಂತೆ ಎಂದಿಟ್ಟುಕೊಳ್ಳಿ. ಒಂದು ತುದಿಯ ಹುಡುಗನನ್ನು ತುಸು ತಳ್ಳಿದರೆ ಆ ಅಲುಗಾಟ ಅಲೆಯಾಗಿ ಇನ್ನೊಂದು ತುದಿಯವರೆಗೂ ಸಾಗುತ್ತದೆ. ಸ್ಫಟಿಕದಲ್ಲಿಯೂ ಹಾಗೆಯೇ. ಇಂಥ ಎಷ್ಟು ಬಗೆಯ ಅಲೆಗಳು ಸಾಧ್ಯ, ಒಂದು ವಸ್ತುವನ್ನು ಬಿಸಿಮಾಡಲು ಎಷ್ಟು ಶಾಖ ಬೇಕೆಂಬುದನ್ನು ಅವು ಹೇಗೆ ನಿರ್ಧರಿಸುತ್ತವೆ ಎಂಬುದನ್ನು 1912ರಲ್ಲಿ ಬಾರ್ನ್ ಮತ್ತು ಥಿಯೋಡರ್ ಫಾನ್ ಕಾರ್ಮಾನ್ ಲೆಕ್ಕ ಹಾಕಿದರು. ಈ ಅಲೆಗಳ ಮಾತನ್ನು ಓದುಗರು ನೆನಪಿನಲ್ಲಿಟ್ಟಿರಬೇಕು. ಮುಂದೆ ಬೆಂಗಳೂರಿನೊಡನೆ ದೊಡ್ಡ ವಾದಕ್ಕೆ ಕಾರಣವಾದದ್ದು ಇವೇ ಅಲೆಗಳು.

ಮೊದಲು ಬಿತ್ತನೆಯೋ, ಉಳುಮೆಯೋ?

1921ರಲ್ಲಿ ಬಾರ್ನ್ ಗಟಿಂಗೆನ್‌ಗೆ ಪ್ರಾಧ್ಯಾಪಕರಾಗಿ ಮರಳಿದರು. ಅವರ ಸುತ್ತ ನೆರೆದ ತರುಣರ ಹೆಸರುಗಳನ್ನು ನೋಡಿದರೆ ಬೆರಗಾಗುತ್ತದೆ. ವುಲ್ಫ್‌ಗ್ಯಾಂಗ್ ಪೌಲಿ, ವರ್ನರ್ ಹೈಸೆನ್‌ಬರ್ಗ್, ರಾಬರ್ಟ್ ಒಪ್ಪೆನ್‌ಹೈಮರ್, ಮರಿಯಾ ಗೋಪರ್ಟ್... ಎಲ್ಲರೂ ಮುಂದೆ ಜಗದ್ವಿಖ್ಯಾತರಾದವರೇ.

1925ರ ಬೇಸಿಗೆಯಲ್ಲಿ 23 ವರ್ಷದ ಹೈಸೆನ್‌ಬರ್ಗ್ ಒಂದು ಲೇಖನವನ್ನು ತಂದು ಬಾರ್ನರ ಕೈಗಿತ್ತು, ಪ್ರಕಟಣೆಗೆ ಯೋಗ್ಯವೋ ನೋಡಿ ಎಂದರು. ಪರಮಾಣುವಿನ ಲೆಕ್ಕಕ್ಕಾಗಿ ಅದರಲ್ಲಿ ಒಂದು ವಿಚಿತ್ರ ಗುಣಾಕಾರವಿತ್ತು. ಸಾಮಾನ್ಯ ಲೆಕ್ಕದಲ್ಲಿ ಮೂರನ್ನು ಐದರಿಂದ ಗುಣಿಸಿದರೂ ಐದನ್ನು ಮೂರರಿಂದ ಗುಣಿಸಿದರೂ ಉತ್ತರ ಹದಿನೈದೇ. ಹೈಸೆನ್‌ಬರ್ಗರ ಲೆಕ್ಕದಲ್ಲಿ ಕ್ರಮ ಬದಲಾದರೆ ಉತ್ತರವೂ ಬದಲಾಗುತ್ತಿತ್ತು! ಇದೇನು ಎಂದು ಅವರಿಗೇ ಸ್ಪಷ್ಟವಿರಲಿಲ್ಲ. ಹೊಲದ ಕೆಲಸ ಬಲ್ಲವರಿಗೆ ಇದರಲ್ಲಿ ಆಶ್ಚರ್ಯವೇನಿಲ್ಲ. ಮೊದಲು ಉತ್ತು ಆಮೇಲೆ ಬಿತ್ತಿದರೆ ಒಂದು ಫಲ. ಮೊದಲು ಬಿತ್ತಿ ಆಮೇಲೆ ಉತ್ತರೆ ಬೇರೆಯದೇ ಫಲ. ಎರಡು ಕ್ರಿಯೆಗಳನ್ನು ಯಾವ ಕ್ರಮದಲ್ಲಿ ಮಾಡಿದೆವು ಎಂಬುದು ಮುಖ್ಯವಾಗುವ ಸಂದರ್ಭಗಳು ಲೋಕದಲ್ಲಿ ಬೇಕಾದಷ್ಟಿವೆ.

ಬಾರ್ನ್ ಹಲವು ದಿನ ಅದನ್ನೇ ಧ್ಯಾನಿಸಿದರು. ಇಂಥ ಗುಣಾಕಾರವನ್ನು ಎಲ್ಲಿಯೋ ನೋಡಿದ್ದೇನಲ್ಲ! ಕೊನೆಗೆ ನೆನಪಾಯಿತು: ಬ್ರೆಸ್ಲಾವ್‌ನಲ್ಲಿ ವಿದ್ಯಾರ್ಥಿಯಾಗಿದ್ದಾಗ ಕಲಿತ ಮಾತೃಕೆಗಳ ಗಣಿತ. ಸಂಖ್ಯೆಗಳನ್ನು ಅಡ್ಡಸಾಲು, ಕಂಬಸಾಲುಗಳಲ್ಲಿ ಜೋಡಿಸಿ ಮಾಡುವ ಆ ಲೆಕ್ಕವನ್ನು ಅಂದಿನ ಭೌತವಿಜ್ಞಾನಿಗಳಲ್ಲಿ ಬಲ್ಲವರು ತೀರ ಕಡಿಮೆ. ರೈಲಿನಲ್ಲಿ ಸಿಕ್ಕ ಪೌಲಿಯನ್ನು ಈ ಕೆಲಸದಲ್ಲಿ ಜೊತೆಯಾಗಲು ಬಾರ್ನ್ ಕೇಳಿದರು. ನಿಮ್ಮ ಗಣಿತದಿಂದ ಹೈಸೆನ್‌ಬರ್ಗರ ಒಳ್ಳೆಯ ವಿಚಾರವನ್ನು ಕೆಡಿಸುತ್ತೀರಿ ಎಂದು ಪೌಲಿ ಮುಖಕ್ಕೆ ಹೊಡೆದಂತೆ ಹೇಳಿಬಿಟ್ಟರು. ಬಾರ್ನ್ ಧೃತಿಗೆಡಲಿಲ್ಲ. ಪಾಸ್ಕುವಲ್ ಯೋರ್ಡಾನ್ ಎಂಬ ಇನ್ನೊಬ್ಬ ತರುಣನನ್ನು ಜೊತೆಗಿಟ್ಟುಕೊಂಡು, ಬಳಿಕ ಹೈಸೆನ್‌ಬರ್ಗರನ್ನೂ ಸೇರಿಸಿಕೊಂಡು, ಆ ವರ್ಷ ಮುಗಿಯುವುದರೊಳಗೆ ಕ್ವಾಂಟಂ ಬಲವಿಜ್ಞಾನಕ್ಕೆ ಗಟ್ಟಿಯಾದ ಗಣಿತದ ಅಡಿಪಾಯ ಹಾಕಿದರು.

ಅಡಿಟಿಪ್ಪಣಿಯ ಮಹಿಮೆ

ಮರುವರ್ಷ ಎರ್ವಿನ್ ಷ್ರೋಡಿಂಗರ್ ಬೇರೆಯದೇ ದಾರಿಯಿಂದ ಅದೇ ಊರು ಮುಟ್ಟಿದರು. ಅವರ ಸಮೀಕರಣದಲ್ಲಿ ಎಲೆಕ್ಟ್ರಾನ್ ಒಂದು ಅಲೆ. ಸರಿ, ಅದು ಯಾವುದರ ಅಲೆ? ನೀರಿನದಲ್ಲ, ಗಾಳಿಯದಲ್ಲ. ಎಲೆಕ್ಟ್ರಾನೇ ಹಿಟ್ಟಿನಂತೆ ಹರಡಿಕೊಂಡಿದೆ ಎಂದು ಷ್ರೋಡಿಂಗರ್ ಭಾವಿಸಿದ್ದರು. ಆದರೆ ಗಟಿಂಗೆನ್‌ನ ಪ್ರಯೋಗಾಲಯದಲ್ಲಿ ಕಣಗಳ ಡಿಕ್ಕಿಯನ್ನು ದಿನವೂ ನೋಡುತ್ತಿದ್ದ ಬಾರ್ನರಿಗೆ ಇದು ಒಪ್ಪಿಗೆಯಾಗಲಿಲ್ಲ. ಎಲೆಕ್ಟ್ರಾನ್ ಸಿಕ್ಕಾಗಲೆಲ್ಲ ಇಡಿಯಾಗಿಯೇ ಸಿಗುತ್ತದೆ, ಚೂರಾಗಿ ಅಲ್ಲ. ಹಾಗಾದರೆ ಆ ಅಲೆ ಹೇಳುವುದು ಎಲೆಕ್ಟ್ರಾನ್ ಎಲ್ಲಿ ಸಿಗಬಹುದು ಎಂಬುದನ್ನು ಮಾತ್ರ ಎಂದು ಬಾರ್ನ್ ಅರ್ಥೈಸಿದರು. 1926ರ ಆ ಚಿಕ್ಕ ಲೇಖನದಲ್ಲಿ ಮೊದಲು ಅಲೆಯ ಎತ್ತರವನ್ನೇ ಸಂಭವನೀಯತೆ ಎಂದು ಬರೆದಿದ್ದರು. ಅಚ್ಚಿನ ಕರಡು ತಿದ್ದುವಾಗ ಮತ್ತೆ ಯೋಚಿಸಿ, ಅಲ್ಲ, ಎತ್ತರದ ವರ್ಗವನ್ನು ತೆಗೆದುಕೊಳ್ಳಬೇಕು ಎಂದು ಒಂದು ಅಡಿಟಿಪ್ಪಣಿ ಸೇರಿಸಿದರು. ಇಂದು ಜಗತ್ತಿನ ಪ್ರತಿಯೊಬ್ಬ ಭೌತವಿಜ್ಞಾನ ವಿದ್ಯಾರ್ಥಿಯೂ ಕಲಿಯುವ ‘ಬಾರ್ನ್ ನಿಯಮ’ ಹುಟ್ಟಿದ್ದು ಪುಟದ ಕೆಳಗಿನ ಆ ಟಿಪ್ಪಣಿಯಲ್ಲಿ! ಮೊಬೈಲ್ ಫೋನಿನ ಚಿಪ್ಪಿನಿಂದ ಲೇಸರ್‌ವರೆಗೆ ಕ್ವಾಂಟಂ ಲೆಕ್ಕ ಬಳಕೆಯಾಗುವ ಕಡೆಯೆಲ್ಲ ಈ ನಿಯಮ ಇದ್ದೇ ಇದೆ.

ಚೌಕಾಬಾರದಲ್ಲಿ ಕವಡೆ ಎಸೆದಾಗ ಎಷ್ಟು ಬೀಳುತ್ತದೆಂದು ಮೊದಲೇ ಹೇಳಲಾಗದು. ಆದರೆ ಅದು ನಮ್ಮ ಮಾಹಿತಿಯ ಕೊರತೆ. ಕೈಯ ವೇಗ, ಕವಡೆಯ ಆಕಾರ, ನೆಲದ ಒರಟು ಎಲ್ಲವೂ ಗೊತ್ತಿದ್ದರೆ ಲೆಕ್ಕ ಹಾಕಬಹುದಿತ್ತು. ಎಲೆಕ್ಟ್ರಾನಿನ ವಿಷಯ ಹಾಗಲ್ಲ. ಎಲ್ಲ ಗೊತ್ತಿದ್ದರೂ ಹೇಳಬಹುದಾದದ್ದು ಸಂಭವನೀಯತೆ ಅಷ್ಟೇ ಎಂಬುದು ಬಾರ್ನರ ಮಾತು. ಗೆಳೆಯ ಐನ್‌ಸ್ಟೈನ್ ಇದನ್ನು ಒಪ್ಪಲಿಲ್ಲ. ಭಗವಂತ ಪಗಡೆ ಆಡುವವನಲ್ಲವೆಂದು ತಮಗೆ ಖಾತ್ರಿಯಿದೆ ಎಂಬರ್ಥದ ಅವರ ಪ್ರಸಿದ್ಧ ಮಾತು 1926ರ ಡಿಸೆಂಬರ್‌ನಲ್ಲಿ ಬಾರ್ನರಿಗೇ ಬರೆದ ಪತ್ರದಲ್ಲಿದೆ. ಇಬ್ಬರೂ ಕೊನೆಯವರೆಗೂ ವಾದಿಸಿದರು. ಕೊನೆಯವರೆಗೂ ಗೆಳೆಯರಾಗಿಯೇ ಉಳಿದರು.

ಪತ್ರಿಕೆಯಲ್ಲಿ ಬಂದ ಹೆಸರು

1933ರ ಜನವರಿಯಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ. ಯೆಹೂದಿ ಮೂಲದವರನ್ನು ಸರ್ಕಾರಿ ನೌಕರಿಗಳಿಂದ ತೆಗೆದುಹಾಕುವ ಕಾನೂನು ಏಪ್ರಿಲ್‌ನಲ್ಲಿ ಜಾರಿಯಾಯಿತು. ಏಪ್ರಿಲ್ 25ರಂದು ಬಾರ್ನ್ ವೃತ್ತಪತ್ರಿಕೆಯನ್ನು ತೆರೆದರೆ, ಕೆಲಸದಿಂದ ಅಮಾನತಾದವರ ಪಟ್ಟಿಯಲ್ಲಿ ತಮ್ಮದೇ ಹೆಸರು! ಹನ್ನೆರಡು ವರ್ಷ ಶ್ರಮಪಟ್ಟು ಕಟ್ಟಿದ ವಿದ್ಯಾಕೇಂದ್ರ ಒಂದು ಪ್ರಕಟಣೆಯಿಂದ ಚದುರಿಹೋಯಿತು. ಮೇ ತಿಂಗಳಲ್ಲಿ ಸಂಸಾರ ಸಮೇತ ಇಟಲಿಯ ಬೆಟ್ಟದೂರೊಂದಕ್ಕೆ ಹೋಗಿ, ಅಲ್ಲಿಂದ ಇಂಗ್ಲೆಂಡಿನ ಕೇಂಬ್ರಿಜ್ ಸೇರಿದರು. ಆಗ ಅವರಿಗೆ ಐವತ್ತು ವರ್ಷ. ಸಿಕ್ಕಿದ್ದು ತಾತ್ಕಾಲಿಕ ಹುದ್ದೆ.

ಅದೇ ವರ್ಷದ ನವೆಂಬರ್‌ನಲ್ಲಿ ಇನ್ನೊಂದು ಪೆಟ್ಟು ಬಿತ್ತು. ಕ್ವಾಂಟಂ ಬಲವಿಜ್ಞಾನಕ್ಕಾಗಿ 1932ರ ನೊಬೆಲ್ ಪಾರಿತೋಷಕ ಹೈಸೆನ್‌ಬರ್ಗ್ ಒಬ್ಬರಿಗೇ ಪ್ರಕಟವಾಯಿತು. ಮೂವರು ಸೇರಿ ಮಾಡಿದ ಕೆಲಸಕ್ಕೆ ತಾನೊಬ್ಬನೇ ಬಹುಮಾನ ಪಡೆಯುತ್ತಿರುವುದಕ್ಕೆ ಮನಸ್ಸು ಚುಚ್ಚುತ್ತಿದೆ ಎಂದು ಹೈಸೆನ್‌ಬರ್ಗ್ ಗುರುವಿಗೆ ಪತ್ರ ಬರೆದರು. ಊರಿಲ್ಲ, ಕಾಯಂ ಕೆಲಸವಿಲ್ಲ, ಮಾಡಿದ ಕೆಲಸಕ್ಕೆ ಮನ್ನಣೆಯೂ ಇಲ್ಲ ಎಂಬ ಸ್ಥಿತಿಯಲ್ಲಿದ್ದ ಬಾರ್ನರಿಗೆ ಬೆಂಗಳೂರಿನಿಂದ ಒಂದು ಆಹ್ವಾನ ಬಂತು.

ಬೆಂಗಳೂರಿನಲ್ಲಿ ಆರು ತಿಂಗಳು

ಕರೆದವರು ಸರ್ ಸಿ. ವಿ. ರಾಮನ್. 1930ರಲ್ಲಿ ನೊಬೆಲ್ ಪಡೆದಿದ್ದ ರಾಮನ್ 1933ರಲ್ಲಿ ಕಲ್ಕತ್ತೆಯಿಂದ ಬಂದು ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದರು. 1909ರಲ್ಲಿ ಆರಂಭವಾದ, ಜನರ ಬಾಯಲ್ಲಿ ‘ಟಾಟಾ ಇನ್‌ಸ್ಟಿಟ್ಯೂಟ್’ ಎಂದೇ ಹೆಸರಾದ ಆ ಸಂಸ್ಥೆಗೆ ಅವರೇ ಮೊದಲ ಭಾರತೀಯ ನಿರ್ದೇಶಕರು. ಬಂದವರೇ ಭೌತವಿಜ್ಞಾನ ವಿಭಾಗ ತೆರೆದರು. 1934ರಲ್ಲಿ ಭಾರತೀಯ ವಿಜ್ಞಾನ ಅಕಾಡೆಮಿ ಸ್ಥಾಪಿಸಿದರು. ಜರ್ಮನಿ ಹೊರಗಟ್ಟುತ್ತಿರುವ ಪ್ರತಿಭಾವಂತರಲ್ಲಿ ಕೆಲವರಾದರೂ ಇಲ್ಲಿಗೆ ಬಂದರೆ ಭಾರತದ ವಿಜ್ಞಾನ ಒಂದೇ ನೆಗೆತಕ್ಕೆ ಎಷ್ಟು ಮುಂದೆ ಹೋದೀತು ಎಂಬುದನ್ನು ರಾಮನ್ ಬೇಗ ಗ್ರಹಿಸಿದ್ದರು. ಪ್ರಯೋಗದಲ್ಲಿ ತಾವಿದ್ದರು; ಸಿದ್ಧಾಂತಕ್ಕೆ ಅದೇ ಎತ್ತರದ ಒಬ್ಬರು ಬೇಕಿತ್ತು.

1935ರಲ್ಲಿ ಬಾರ್ನ್ ಮತ್ತು ಪತ್ನಿ ಹೆಡ್ವಿಗ್ ಬೆಂಗಳೂರಿಗೆ ಬಂದಿಳಿದರು. ಆರು ತಿಂಗಳ ಮಟ್ಟಿಗಿನ ಏರ್ಪಾಡು. ಬಾರ್ನ್ ಉಪನ್ಯಾಸ ಕೊಟ್ಟರು, ಇಲ್ಲಿನ ತರುಣರೊಡನೆ ಕುಳಿತು ಕೆಲಸ ಮಾಡಿದರು. ಅವರಲ್ಲೊಬ್ಬರು ಎನ್. ಎಸ್. ನಾಗೇಂದ್ರನಾಥ್. ಶಬ್ದದ ಅಲೆಗಳು ಹಾಯುತ್ತಿರುವ ದ್ರವದಲ್ಲಿ ಬೆಳಕು ಹೇಗೆ ಕವಲೊಡೆಯುತ್ತದೆ ಎಂಬುದನ್ನು ವಿವರಿಸುವ ‘ರಾಮನ್–ನಾಥ್ ಸಿದ್ಧಾಂತ’ದಲ್ಲಿರುವ ನಾಥ್ ಇವರೇ. ಬೆಳಕು ನ್ಯೂಟ್ರಿನೊ ಎಂಬ ಕಣಗಳ ಜೋಡಿಯಿಂದ ಆಗಿರಬಹುದೇ ಎಂಬ ಪ್ರಶ್ನೆಯ ಬಗ್ಗೆ ಬಾರ್ನ್ ಮತ್ತು ನಾಗೇಂದ್ರನಾಥ್ ಕೂಡಿ ಬರೆದ ಲೇಖನ 1936ರಲ್ಲಿ ವಿಜ್ಞಾನ ಅಕಾಡೆಮಿಯ ನಿಯತಕಾಲಿಕದಲ್ಲಿ ಪ್ರಕಟವಾಯಿತು. ಆ ವಿಚಾರ ಮುಂದೆ ನಿಲ್ಲಲಿಲ್ಲ. ಆದರೆ ಕ್ವಾಂಟಂ ವಿಜ್ಞಾನದ ಜನಕರಲ್ಲೊಬ್ಬರು ಬೆಂಗಳೂರಿನ ತರುಣನೊಬ್ಬನ ಜೊತೆ ಕುಳಿತು, ಬೆಂಗಳೂರಿನ ಪತ್ರಿಕೆಗೆ ಬರೆದರು ಎಂಬುದು ಸಣ್ಣ ಸಂಗತಿಯಲ್ಲ.

ರಾಮನ್ನರಿಗೆ ಆರು ತಿಂಗಳು ಸಾಲದು. ಬಾರ್ನರನ್ನು ಕಾಯಂ ಪ್ರಾಧ್ಯಾಪಕರನ್ನಾಗಿ ಉಳಿಸಿಕೊಳ್ಳಬೇಕೆಂದು ಅವರು ಹಟ ತೊಟ್ಟರು. ಬಾರ್ನರಿಗೂ ಮನಸ್ಸಿತ್ತು. ಸಂಸ್ಥೆಯ ಪ್ರಾಧ್ಯಾಪಕರ ಸಭೆಯ ಮುಂದೆ ಪ್ರಸ್ತಾಪ ಬಂತು. ಬಾರ್ನ್ ಕೂಡ ಆ ಸಭೆಯಲ್ಲಿದ್ದರು. ರಾಮನ್ ಅವರನ್ನು ಹೊಗಳಿ ಮಾತನಾಡಿದರು. ಆಮೇಲೆ ನಡೆದದ್ದನ್ನು ಬಾರ್ನ್ ತಮ್ಮ ಆತ್ಮಕತೆಯಲ್ಲಿ ಬರೆದಿಟ್ಟಿದ್ದಾರೆ. ಆಸ್ಟನ್ ಎಂಬ ಇಂಗ್ಲಿಷ್ ಪ್ರಾಧ್ಯಾಪಕರು ಎದ್ದು ನಿಂತು, ಸ್ವಂತ ದೇಶದಿಂದಲೇ ಓಡಿಸಲ್ಪಟ್ಟ ಎರಡನೆಯ ದರ್ಜೆಯ ಪರದೇಶಿ ನಮ್ಮ ಸಂಸ್ಥೆಗೆ ಸಾಲದು ಎಂಬರ್ಥದ ಮಾತನ್ನಾಡಿದರು. ಬಾರ್ನ್ ದಂಪತಿಗಳು ಆಸ್ಟನ್ ಕುಟುಂಬದೊಡನೆ ಸ್ನೇಹದಿಂದಲೇ ಇದ್ದವರು. ಹಾಗಾಗಿ ಪೆಟ್ಟು ಇನ್ನೂ ಆಳಕ್ಕೆ ಇಳಿಯಿತು. ಮನೆಗೆ ಹೋದ ಬಾರ್ನ್ ಹೆಂಡತಿಯ ಮುಂದೆ ಅತ್ತುಬಿಟ್ಟರು.

ಎರಡನೆಯ ದರ್ಜೆ! ಹೈಸೆನ್‌ಬರ್ಗರಿಗೂ ಒಪ್ಪೆನ್‌ಹೈಮರರಿಗೂ ಗುರುವಾದವರಿಗೆ, ಐನ್‌ಸ್ಟೈನ್ ಸರಿಸಮನೆಂದು ವಾದಕ್ಕೆ ಕರೆಯುತ್ತಿದ್ದವರಿಗೆ ಆಡಿದ ಮಾತಿದು.

ಆ ಒಂದು ಮಾತಿನಿಂದಲೇ ಎಲ್ಲವೂ ಮುರಿಯಿತು ಎಂದರೆ ಅನ್ಯಾಯವಾದೀತು. ಸಂಸ್ಥೆಯ ಆಡಳಿತ ಮಂಡಲಿಗೂ ರಾಮನ್ನರಿಗೂ ಆಗಲೇ ಸರಿಬರುತ್ತಿರಲಿಲ್ಲ. ಹಣವೆಲ್ಲ ಭೌತವಿಜ್ಞಾನಕ್ಕೇ ಹೋಗುತ್ತಿದೆ, ಇತರ ವಿಭಾಗಗಳು ಸೊರಗುತ್ತಿವೆ ಎಂಬ ದೂರಿತ್ತು. ರಾಮನ್ನರ ಮುಂಗೋಪವೂ, ಯಾರನ್ನೂ ಲೆಕ್ಕಿಸದ ನಡೆಯೂ ಎದುರಾಳಿಗಳ ಸಂಖ್ಯೆಯನ್ನು ಹೆಚ್ಚಿಸಿದ್ದವು. ವಿಚಾರಣೆಗಾಗಿ 1936ರಲ್ಲಿ ಸರ್ ಜೇಮ್ಸ್ ಇರ್ವಿನ್ ಅಧ್ಯಕ್ಷತೆಯ ಸಮಿತಿ ಬಂತು. 1937ರಲ್ಲಿ ರಾಮನ್ ನಿರ್ದೇಶಕ ಸ್ಥಾನ ಬಿಟ್ಟುಕೊಟ್ಟು ಪ್ರಾಧ್ಯಾಪಕರಾಗಿ ಮಾತ್ರ ಉಳಿದರು. ಈ ತಿಕ್ಕಾಟದ ಕಾಲದಲ್ಲಿ ಬಾರ್ನ್ ರಾಮನ್ನರ ಪರವಾಗಿ ಲಾರ್ಡ್ ರುದರ್‌ಫರ್ಡ್‌ಗೆ ಪತ್ರ ಬರೆದರು. ತಾವು ನೊಂದು ಬಿಟ್ಟುಹೋದ ಊರಿನ ಗೆಳೆಯನಿಗಾಗಿ ಅಷ್ಟು ಮಾಡಿದ್ದು ಬಾರ್ನರ ದೊಡ್ಡತನ.

ಕೇಂಬ್ರಿಜ್‌ಗೆ ಮರಳಿದ ಬಾರ್ನರ ಸ್ಥಿತಿ ಮೊದಲಿನಂತೆಯೇ ಇತ್ತು. ಮಾಸ್ಕೋಗೆ ಬನ್ನಿ ಎಂದು ಪೀಟರ್ ಕಪಿಟ್ಸಾ ಕರೆದಾಗ ರಷ್ಯನ್ ಭಾಷೆಯ ಪಾಠವನ್ನೂ ಶುರುಮಾಡಿದರು! ಅಷ್ಟರಲ್ಲಿ ಸ್ಕಾಟ್‌ಲೆಂಡಿನ ಎಡಿನ್‌ಬರೊ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕ ಪೀಠವೊಂದು ತೆರವಾಯಿತು. 1936ರಲ್ಲಿ ಅದನ್ನು ಸೇರಿದ ಬಾರ್ನ್ 1953ರಲ್ಲಿ ನಿವೃತ್ತರಾಗುವವರೆಗೂ ಅಲ್ಲಿಯೇ ಇದ್ದರು. ಅಲ್ಲಿ ಅವರ ಬಳಿಗೆ ಬಂದವರಲ್ಲಿ ಪೆಂಗ್ ಹುವಾನ್‌ವು, ಚೆಂಗ್ ಕಾಯ್‌ಜಿಯಾ, ಹುವಾಂಗ್ ಕುನ್ ಎಂಬ ಚೀನೀ ತರುಣರೂ ಇದ್ದರು. ಸ್ವದೇಶಕ್ಕೆ ಮರಳಿದ ಮೇಲೆ ಅವರೆಲ್ಲ ಚೀನಾದ ಭೌತವಿಜ್ಞಾನದ ಆಧಾರಸ್ತಂಭಗಳಾದರು. ಒಬ್ಬ ಒಳ್ಳೆಯ ಗುರು ಒಂದು ದೇಶಕ್ಕೆ ಏನು ಕೊಡಬಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಹರಳಿನ ಜಗಳ

ಕತೆ ಇಲ್ಲಿಗೆ ಮುಗಿದಿದ್ದರೆ ಒಳ್ಳೆಯವರು, ಕೆಟ್ಟವರು ಎಂದು ವಿಂಗಡಿಸಿ ಸುಮ್ಮನಿರಬಹುದಿತ್ತು. ಆದರೆ ವಿಜ್ಞಾನದ ಚರಿತ್ರೆ ಅಷ್ಟು ಸರಳವಲ್ಲ. 1940ರ ದಶಕದಲ್ಲಿ ರಾಮನ್ ಮತ್ತು ಬಾರ್ನ್ ಪರಸ್ಪರ ಎದುರು ನಿಂತರು. ವಾದದ ವಸ್ತು ಅದೇ ಸ್ಫಟಿಕದ ಅಲೆಗಳು.

ರಾಮನ್ನರಿಗೆ ವಜ್ರವೆಂದರೆ ಪ್ರಾಣ. ವಜ್ರದೊಳಗಿನ ಪರಮಾಣುಗಳು ಎಣಿಸಿದ ಕೆಲವೇ ಕಂಪನಸಂಖ್ಯೆಗಳಲ್ಲಿ ಅಲುಗುತ್ತವೆ, ಆದ್ದರಿಂದ ಬಾರ್ನರ 1912ರ ಸಿದ್ಧಾಂತ ತಪ್ಪು ಎಂದು ಅವರು ಸಾರಿದರು. ಬೆಂಗಳೂರಿನಲ್ಲಿ ಆರ್. ಎಸ್. ಕೃಷ್ಣನ್ ತೆಗೆದ ವಜ್ರದ ರೋಹಿತದಲ್ಲಿ ಚೂಪಾದ ಶಿಖರಗಳು ಎದ್ದು ಕಾಣುತ್ತಿದ್ದವು. ಬಾರ್ನರ ಪ್ರಕಾರ ಕಂಪನಗಳು ಎಡೆಬಿಡದೆ ಒಂದಕ್ಕೊಂದು ಹತ್ತಿಕೊಂಡಂತಿರಬೇಕು. ಹಾಗಿದ್ದರೆ ಈ ಶಿಖರಗಳು ಎಲ್ಲಿಂದ ಬಂದವು ಎಂಬುದು ರಾಮನ್ನರ ಪ್ರಶ್ನೆ. ಪ್ರಶ್ನೆ ನ್ಯಾಯವಾದದ್ದೇ. ಬಾರ್ನರ ಶಿಷ್ಯೆ ಹೆಲೆನ್ ಸ್ಮಿತ್ 1948ರಲ್ಲಿ ಪ್ರಕಟಿಸಿದ ಲೆಕ್ಕ, ಎಡೆಬಿಡದ ಕಂಪನಗಳಿಂದಲೂ ಇಂಥ ಶಿಖರಗಳು ಏಳಬಲ್ಲವೆಂದು ತೋರಿಸಿತು. 1953ರಲ್ಲಿ ಬೆಲ್ಜಿಯಂನ ಲಿಯೋನ್ ಫಾನ್ ಹೋವ್ ಅದಕ್ಕೆ ಪೂರ್ಣ ಗಣಿತ ಒದಗಿಸಿದರು. ಸಂತೆಗೆ ಹೋಗುವ ದಾರಿಯುದ್ದಕ್ಕೂ ಜನರಿದ್ದರೂ ಕೆಲವು ತಿರುವುಗಳಲ್ಲಿ ಗುಂಪು ಸೇರುವಂತೆ, ಕೆಲವು ಕಂಪನಸಂಖ್ಯೆಗಳಲ್ಲಿ ಅಲೆಗಳು ದಟ್ಟವಾಗಿ ಕಿಕ್ಕಿರಿಯುತ್ತವೆ. ರಾಮನ್ನರ ಬಳಗ ಕಂಡ ಶಿಖರಗಳು ನಿಜ. ಅವುಗಳಿಗೆ ಕೊಟ್ಟ ಅರ್ಥ ತಪ್ಪು. 1950ರ ದಶಕದಲ್ಲಿ ಕೆನಡಾದ ಬರ್ಟ್ರಾಮ್ ಬ್ರಾಕ್‌ಹೌಸ್ ನ್ಯೂಟ್ರಾನ್‌ಗಳನ್ನು ಹಾಯಿಸಿ ಸ್ಫಟಿಕಗಳ ಅಲೆಗಳನ್ನು ನೇರವಾಗಿ ಅಳೆಯತೊಡಗಿದಾಗ ಬಾರ್ನರ ಚಿತ್ರವೇ ಸರಿಯೆಂದು ಸಾಬೀತಾಯಿತು. ಆ ಕೆಲಸಕ್ಕೆ 1994ರಲ್ಲಿ ನೊಬೆಲ್ ಸಂದಿತು.

ರಾಮನ್ ಮಾತ್ರ ಕೊನೆಯವರೆಗೂ ಒಪ್ಪಲಿಲ್ಲ. ಈ ವಾದದಲ್ಲಿ ಇಬ್ಬರ ಹಳೆಯ ಸ್ನೇಹವೂ ತಣ್ಣಗಾಯಿತು. ಬಾರ್ನ್ ಬೆಂಗಳೂರಿನಲ್ಲಿಯೇ ಇದ್ದಿದ್ದರೆ ಈ ಪ್ರಶ್ನೆ ಅಂಚೆಯ ಮೂಲಕ, ಪತ್ರಿಕೆಗಳ ಪುಟಗಳಲ್ಲಿ ನಡೆಯದೆ ಒಂದೇ ಹಲಗೆಯ ಮುಂದೆ, ಒಂದೇ ಸೀಮೆಸುಣ್ಣದಿಂದ ಬಗೆಹರಿಯುತ್ತಿತ್ತೇನೋ. ಅಥವಾ ಜಗಳ ಇನ್ನೂ ಬೇಗ ಆಗುತ್ತಿತ್ತೇನೋ!

ತಡವಾಗಿ ಬಂದ ಮನ್ನಣೆ

ಬಾರ್ನರಿಗೆ ನೊಬೆಲ್ ಬಂದದ್ದು 1954ರಲ್ಲಿ, ಜರ್ಮನಿಯ ವಾಲ್ಟರ್ ಬೋಥೆ ಜೊತೆ ಹಂಚಿಕೆಯಾಗಿ. ಆಗ ಅವರಿಗೆ ಎಪ್ಪತ್ತೊಂದು ವರ್ಷ. ಅಡಿಟಿಪ್ಪಣಿ ಬರೆದು ಇಪ್ಪತ್ತೆಂಟು ವರ್ಷ ಕಳೆದಿತ್ತು. ನಿವೃತ್ತಿಯ ಬಳಿಕ ಅವರು ಜರ್ಮನಿಯ ಬಾಟ್ ಪಿರ್ಮಾಂಟ್ ಎಂಬ ಸಣ್ಣ ಊರಿನಲ್ಲಿ ನೆಲೆಸಿದರು. ತಮ್ಮವರನ್ನು ಕೊಂದ ನಾಡಿಗೆ ಮರಳಿದ್ದೇಕೆ ಎಂದು ಐನ್‌ಸ್ಟೈನ್ ಆಕ್ಷೇಪಿಸಿದರು. ಎಡಿನ್‌ಬರೊದ ಅಲ್ಪಾವಧಿ ಸೇವೆಗೆ ಸಿಗುತ್ತಿದ್ದ ಪಿಂಚಣಿ ಚಿಕ್ಕದು ಎಂಬುದೊಂದು ಕಾರಣ. ಶಾಂತಿಗಾಗಿ ದುಡಿಯುವ ಕ್ವೇಕರ್ ಪಂಥವನ್ನು ಸೇರಿದ್ದ ಹೆಡ್ವಿಗ್‌ಗೆ ಆ ಊರಿನಲ್ಲಿ ಅದೇ ಪಂಥದವರ ಕೇಂದ್ರವಿದ್ದದ್ದು ಇನ್ನೊಂದು.

ಬಾರ್ನರ ಶಿಷ್ಯ ಒಪ್ಪೆನ್‌ಹೈಮರ್ ಅಮೆರಿಕದ ಅಣುಬಾಂಬ್ ಯೋಜನೆಯ ಮುಖ್ಯಸ್ಥರಾದರು. ಎಡಿನ್‌ಬರೊದಲ್ಲಿ ಸಹಾಯಕನಾಗಿದ್ದ ಕ್ಲಾಸ್ ಫುಕ್ಸ್ ಆ ಯೋಜನೆಯ ಗುಟ್ಟನ್ನು ರಷ್ಯಕ್ಕೆ ಕೊಟ್ಟ. ಬಾರ್ನ್ ಮಾತ್ರ ಬಾಂಬಿನ ಕೆಲಸಕ್ಕೆ ಕೈಹಾಕಲಿಲ್ಲ. 1955ರಲ್ಲಿ ಯುದ್ಧದ ವಿರುದ್ಧ ಹೊರಟ ರಸೆಲ್–ಐನ್‌ಸ್ಟೈನ್ ಹೇಳಿಕೆಗೂ, ಪಶ್ಚಿಮ ಜರ್ಮನಿಗೆ ಅಣ್ವಸ್ತ್ರ ಬೇಡವೆಂದು 1957ರಲ್ಲಿ ಹದಿನೆಂಟು ವಿಜ್ಞಾನಿಗಳು ಹೊರಡಿಸಿದ ಹೇಳಿಕೆಗೂ ಅವರ ಸಹಿಯಿದೆ.

1970ರ ಜನವರಿ 5ರಂದು ಗಟಿಂಗೆನ್‌ನಲ್ಲಿ ಬಾರ್ನ್ ತೀರಿಕೊಂಡರು. ಅದೇ ವರ್ಷದ ನವೆಂಬರ್ 21ರಂದು ಬೆಂಗಳೂರಿನಲ್ಲಿ ರಾಮನ್ ಕಣ್ಣುಮುಚ್ಚಿದರು. ಬಾರ್ನರ ಸಮಾಧಿಯ ಕಲ್ಲಿ��� ಮೇಲೆ, ಗುಣಾಕಾರದ ಕ್ರಮ ಬದಲಾದರೆ ಉತ್ತರ ಎಷ್ಟು ಬದಲಾಗುತ್ತದೆಂದು ಹೇಳುವ ಆ 1925ರ ಸಮೀಕರಣವನ್ನು ಕೆತ್ತಲಾಗಿದೆ. ಹಾಡುಗಾರ್ತಿಯಾಗಿ ಲೋಕಪ್ರಸಿದ್ಧಳಾಗಿ 2022ರಲ್ಲಿ ತೀರಿಕೊಂಡ ಒಲಿವಿಯಾ ನ್ಯೂಟನ್–ಜಾನ್ ಬಾರ್ನರ ಮಗಳ ಮಗಳು.

ಬಾರ್ನ್ ಹೋದ ಕೆಲವು ವರ್ಷಗಳ ಬಳಿಕ, ಎರಡನೆಯ ಮಹಾಯುದ್ಧದಿಂದಾಗಿ ಕೇಂಬ್ರಿಜ್‌ಗೆ ಮರಳಲಾಗದ ಹೋಮಿ ಭಾಭಾ ಬೆಂಗಳೂರಿನ ವಿಜ್ಞಾನ ಸಂಸ್ಥೆ ಸೇರಿ 1945ರವರೆಗೆ ಇಲ್ಲಿ ಸೈದ್ಧಾಂತಿಕ ಭೌತವಿಜ್ಞಾನ ನಡೆಸಿದರು. ವಿಕ್ರಂ ಸಾರಾಭಾಯಿ ಕೂಡ ಆ ಕಾಲದಲ್ಲಿ ಇಲ್ಲಿದ್ದರು. ರಾಮನ್, ಬಾರ್ನ್, ಭಾಭಾ, ಸಾರಾಭಾಯಿ ನಾಲ್ವರೂ ಒಂದೇ ಆವರಣದಲ್ಲಿ ಓಡಾಡಬಹುದಾಗಿದ್ದ ಕಾಲ ಅದು. ಆಗ ಜಗಳೂರು ಚಿತ್ರದುರ್ಗ ಜಿಲ್ಲೆಯಲ್ಲಿತ್ತು. ಬೆಂಗಳೂರಿನಂತೆ ಮೈಸೂರು ಸಂಸ್ಥಾನಕ್ಕೇ ಸೇರಿತ್ತು. ಇಂಥ ಊರುಗಳ ಲೆಕ್ಕದಲ್ಲಿ ಚುರುಕಾದ ಹುಡುಗನೊಬ್ಬ ಬೆಂಗಳೂರಿಗೆ ಹೋಗಿ ಬಾರ್ನರ ಪಾಠ ಕೇಳಬಹುದಿತ್ತು. ಎಡಿನ್‌ಬರೊದಲ್ಲಿ ಚೀನಾದ ತರುಣರಿಗೆ ಸಿಕ್ಕಿದ್ದು ಅವನಿಗೂ ಸಿಗಬಹುದಿತ್ತು.

ಮಳೆಯ ‘ಬಹುದು’ ಮನುಷ್ಯನ ಕೈಯಲ್ಲಿಲ್ಲ. ಎಲೆಕ್ಟ್ರಾನಿನ ‘ಬಹುದು’ ಕೂಡ ಇಲ್ಲ. ಆದರೆ ನೆಲೆ ಕಳೆದುಕೊಂಡು ಬಂದ ವಿದ್ವಾಂಸನೊಬ್ಬನಿಗೆ ಕುರ್ಚಿ ಕೊಡುವುದೋ, ಕಟುಮಾತು ಕೊಡುವುದೋ ಎಂಬುದು ಆ ದಿನ ಸಭೆಯಲ್ಲಿ ಕುಳಿತಿದ್ದವರ ಕೈಯಲ್ಲೇ ಇತ್ತು.